ಅತ್ತೆಯ ಜೊತೆ ಆಲ್ಕೋರ್ ನೋಡಿ ಬಂದೆ

ಸ್ಕಾಟ್ಸ್‌ಡೇಲ್ ವಿಮಾನ ನಿಲ್ದಾಣದ ಹತ್ತಿರ ಇರುವ ಆಲ್ಕೋರ್ ಕಟ್ಟಡ ಹೊರಗಿನಿಂದ ಯಾವುದೋ ಸಣ್ಣ ಕಂಪನಿಯ ಆಫೀಸಿನ ಹಾಗೆ ಕಾಣುತ್ತದೆ. ಒಳಗೆ ಇನ್ನೂರಕ್ಕೂ ಜಾಸ್ತಿ ಜನ ಮೈನಸ್ 196 ಡಿಗ್ರಿಯಲ್ಲಿ ಇದ್ದಾರೆ. ಸತ್ತವರನ್ನು ದ್ರವ ಸಾರಜನಕದಲ್ಲಿ ಇಟ್ಟು, ವಿಜ್ಞಾನ ಬೆಳೆದ ಮೇಲೆ ಎಬ್ಬಿಸಬಹುದು ಅಂತ ಕಾಯುವ ಸಂಸ್ಥೆ ಇದು. 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ, ಭೂಕಂಪದ ಭಯಕ್ಕೆ 1994ರಲ್ಲಿ ಅರಿಜೋನಾಕ್ಕೆ ಬಂತು. ನಮ್ಮ ಚಾಂಡ್ಲರ್ ಮನೆಯಿಂದ ಮುಕ್ಕಾಲು ಗಂಟೆ ದಾರಿ. ನನ್ನ ಗಂಡನಿಗೆ ಸದಸ್ಯರಾಗುವ ಆಸೆ. ಸಾಗರದಿಂದ ಬಂದಿದ್ದ ಅತ್ತೆ "ನಾನೂ ಬರ್ತೀನಿ" ಅಂದರು. ಮಗನ ತಲೆ ಎಷ್ಟು ಕೆಟ್ಟಿದೆ ಅಂತ ನೋಡೋಕೆ ಇರಬೇಕು.

ಗೋಡೆ ಮೇಲೆ ಒಳಗಿರುವವರ ಫೋಟೋಗಳು. ದಪ್ಪ ಗಾಜಿನ ಆಚೆ ಆಳೆತ್ತರಕ್ಕಿಂತ ದೊಡ್ಡ ಸ್ಟೀಲ್ ಸಿಲಿಂಡರ್‌ಗಳು. ಒಂದೊಂದರಲ್ಲೂ ನಾಲ್ಕು ದೇಹ ಹಿಡಿಸುತ್ತವೆ, ಎಲ್ಲವೂ ತಲೆಕೆಳಗಾಗಿ. ಸಾರಜನಕ ಕಡಿಮೆಯಾದರೂ ತಲೆಗೆ ಕೊನೆಯಲ್ಲಿ ಬಿಸಿ ತಾಗಲಿ ಅಂತ. "ಕರೆಂಟ್ ಹೋದ್ರೆ?" ಅಂತ ಅತ್ತೆ ಮೊದಲು ಕೇಳಿದರು. ಮಲೆನಾಡಿನವರಲ್ವಾ. ಕರೆಂಟೇ ಬೇಡವಂತೆ. ಸಿಲಿಂಡರಿನ ಎರಡು ಗೋಡೆಗಳ ನಡುವೆ ಗಾಳಿಯಿಲ್ಲ, ಆವಿಯಾದಷ್ಟು ಸಾರಜನಕ ತುಂಬಿಸುತ್ತಾ ಇದ್ದರೆ ಸಾಕು. 1967ರ ಜನವರಿ 12ರಂದು ಮೊಟ್ಟಮೊದಲು ಹೀಗೆ ಶೀತಲೀಕರಣಗೊಂಡ ಮನಃಶಾಸ್ತ್ರದ ಪ್ರೊಫೆಸರ್ ಜೇಮ್ಸ್ ಬೆಡ್‌ಫೋರ್ಡ್ ಕೂಡ ಇಲ್ಲೇ ಇದ್ದಾರೆ.

ಖರ್ಚು: ಇಡೀ ದೇಹಕ್ಕೆ 2 ಲಕ್ಷ ಡಾಲರ್‌ಗೂ ಜಾಸ್ತಿ. ತಲೆ ಮಾತ್ರ ಸಾಕು ಅಂದರೆ ಸುಮಾರು 80,000. ಹೆಚ್ಚಿನವರು ಜೀವವಿಮೆ ಮಾಡಿಸಿ ಆ ದುಡ್ಡು ಸಂಸ್ಥೆಗೆ ಹೋಗುವ ಹಾಗೆ ಬರೆದಿಡುತ್ತಾರೆ. ಅದರ ಒಂದು ಪಾಲು ಟ್ರಸ್ಟಿನಲ್ಲಿ ಕೂರುತ್ತದೆ, ಅದರ ಆದಾಯದಲ್ಲಿ ಸಾರಜನಕ ಬರುತ್ತದೆ. ನಾನು ಇನ್ನೂ ಲೆಕ್ಕ ಹಾಕುತ್ತಿದ್ದೆ, ಅತ್ತೆಗೆ ತಕ್ಷಣ ಅರ್ಥವಾಯಿತು. "ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆ ದುಡ್ಡಿಡ್ತೀವಲ್ಲ, ಹಂಗೇ." ಹೌದು, ಹಾಗೇ. ಇಷ್ಟು ಕಟ್ಟುನಿಟ್ಟಿಗೆ ಕಾರಣವೂ ಇದೆ. ಲಾಸ್ ಏಂಜಲೀಸ್ ಹತ್ತಿರದ ಚಾಟ್ಸ್‌ವರ್ತ್‌ನಲ್ಲಿ ಇನ್ನೊಂದು ಗುಂಪು ಸ್ಮಶಾನದ ನೆಲಮಾಳಿಗೆಯಲ್ಲಿ ದೇಹಗಳನ್ನು ಇಟ್ಟಿತ್ತು. ದುಡ್ಡು ಮುಗಿಯಿತು, ದೇಹಗಳು ಕರಗಿ ಕೊಳೆತವು. 1979ರಲ್ಲಿ ಅದು ಬಯಲಿಗೆ ಬಂತು.

ಇಲ್ಲಿ ಯಾರೂ ಸುಳ್ಳು ಭರವಸೆ ಕೊಡುವುದಿಲ್ಲ, ಅದು ನನಗೆ ಇಷ್ಟವಾಯಿತು. ಈವರೆಗೆ ಒಬ್ಬರೂ ಎದ್ದಿಲ್ಲ. 2023ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು 100 ದಿನದವರೆಗೆ ಶೀತಲೀಕರಿಸಿ ಇಟ್ಟ ಇಲಿಯ ಮೂತ್ರಪಿಂಡವನ್ನು ಮತ್ತೆ ಇಲಿಗೆ ಕಸಿ ಮಾಡಿ ಕೆಲಸ ಮಾಡಿಸಿದರು. ದೊಡ್ಡ ಸಾಧನೆಯೇ. ಆದರೆ ಅದು ಒಂದು ಅಂಗ, ಅದೂ ಇಲಿಯದ್ದು.

ಇನ್ನು ಧರ್ಮದ ವಿಚಾರ. ಗಂಡ ವಾದಕ್ಕೆ ತಯಾರಾಗಿಯೇ ಬಂದಿದ್ದರು. ಹೃದಯ ನಿಂತರೆ ಸಾವು ಅನ್ನೋದಾದರೆ, 1999ರಲ್ಲಿ ನಾರ್ವೆಯ ಮಂಜುಗಡ್ಡೆಯ ಕೆಳಗೆ ಸಿಕ್ಕಿಬಿದ್ದು ದೇಹದ ಬಿಸಿ 13.7 ಡಿಗ್ರಿಗೆ ಇಳಿದಿದ್ದ ಆನಾ ಬಾಗೆನ್‌ಹೋಲ್ಮ್ ಹೇಗೆ ಬದುಕಿದರು? ವರ್ಷಗಟ್ಟಲೆ ಶೀತಲದಲ್ಲಿಟ್ಟ ಭ್ರೂಣ ಮಗುವಾದಾಗ, ಇಷ್ಟು ದಿನ ಆತ್ಮ ಎಲ್ಲಿತ್ತು ಅಂತ ಯಾರಾದರೂ ಕೇಳುತ್ತಾರಾ?

ಅತ್ತೆ ಆತ್ಮದ ಗೋಜಿಗೇ ಹೋಗಲಿಲ್ಲ. "ದೇಹ ಇಡೋದ್ರಲ್ಲಿ ತಪ್ಪೇನಿಲ್ಲ ಮಾರಾಯ. ಭರತ ಬರೋ ತನಕ ದಶರಥನ್ನ ಎಣ್ಣೆ ಕೊಪ್ಪರಿಗೇಲಿ ಇಟ್ಟಿರಲಿಲ್ವಾ? ನಮ್ಮೂರಲ್ಲೂ ಅಮೆರಿಕದಿಂದ ಮಗ ಬರೋ ತನಕ ಫ್ರೀಜರ್ ಬಾಕ್ಸಲ್ಲಿ ಇಡ್ತಾರೆ. ಆದ್ರೆ ಅದು ಸಂಸ್ಕಾರಕ್ಕೆ ಕಾಯೋದು. ಇದು ಸಂಸ್ಕಾರ ಆಗಬಾರದು ಅಂತ ಕಾಯೋದು. ನಿಂಗೆ ತಿಥಿ ಯಾವತ್ತು ಮಾಡೋದು?"

ಗಂಡನ ಹತ್ತಿರ ಉತ್ತರ ಇರಲಿಲ್ಲ. ಕಾನೂನಿನ ಪ್ರಕಾರ ಇಲ್ಲಿರುವವರೆಲ್ಲ ಸತ್ತವರೇ. ಮರಣ ಪ್ರಮಾಣಪತ್ರ ಆಗಿದೆ, ವಿಮೆ ಬಂದಿದೆ, ದೇಹವನ್ನು ದೇಹದಾನದ ಕಾನೂನಿನಡಿ ತೆಗೆದುಕೊಂಡಿದ್ದಾರೆ. ಸಂಸ್ಥೆ ಮಾತ್ರ ಅವರನ್ನು ಪೇಷೆಂಟ್ ಅನ್ನುತ್ತದೆ. ಹಾಗಾದರೆ ಹೆಂಡತಿ ಯಾರಾದಳು, ವಿಧವೆಯೋ, ರೋಗಿಯ ಮನೆಯವಳೋ? ದೇಹ ಸಿಗದೇ ಹೋದರೆ ದರ್ಭೆಯಲ್ಲಿ ಆಕೃತಿ ಮಾಡಿ ಸುಡುವ ಪದ್ಧತಿ ನಮ್ಮಲ್ಲಿದೆ. ದೇಹ ಮುಕ್ಕಾಲು ಗಂಟೆ ದೂರದಲ್ಲೇ ಇದ್ದರೆ ಏನು ಮಾಡೋದು ಅಂತ ಯಾವ ಪುರೋಹಿತರನ್ನು ಕೇಳಲಿ?

ನನಗೆ ಜಾಸ್ತಿ ಕಾಡಿದ್ದು ಕೊನೆಯ ಗಳಿಗೆ. ಸದಸ್ಯರು ಸಾಯುವ ಹೊತ್ತಿಗೆ ಒಂದು ತಂಡ ಹತ್ತಿರದಲ್ಲೇ ಕಾದಿರುತ್ತದೆ. ಡಾಕ್ಟರು ಸಾವು ಅಂತ ಹೇಳಿದ ತಕ್ಷಣ ಮಂಜುಗಡ್ಡೆಯ ತೊಟ್ಟಿ, ಎದೆ ಒತ್ತುವ ಯಂತ್ರ, ರಕ್ತ ಹೆಪ್ಪುಗಟ್ಟದಂತೆ ಔಷಧಿ. ತಡವಾದಷ್ಟೂ ಮೆದುಳು ಹಾಳು, ಹಾಗಾಗಿ ಅವರ ಅವಸರ ಸರಿಯೇ. ಆದರೆ ನಾವು ಬಾಯಿಗೆ ತುಳಸಿ ನೀರು ಬಿಟ್ಟು, ಕೈ ಹಿಡಿದು ಅಳುವ ಹೊತ್ತು ಅದು. ಆ ಹೊತ್ತನ್ನು ಈ ತಂಡಕ್ಕೆ ಬಿಟ್ಟುಕೊಡಬೇಕು.

2016ರಲ್ಲಿ ಲಂಡನ್ ಹೈಕೋರ್ಟಿಗೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಕ್ಯಾನ್ಸರ್ ಆಗಿದ್ದ 14 ವರ್ಷದ ಹುಡುಗಿಗೆ ಈ ಸೇವೆ ಬೇಕಿತ್ತು. ಅಮ್ಮ ಒಪ್ಪಿದರು, ಬೇರೆಯಾಗಿದ್ದ ಅಪ್ಪ ಮೊದಲು ಒಪ್ಪಲಿಲ್ಲ. ಇನ್ನೂರು ವರ್ಷದ ಮೇಲೆ ಎದ್ದರೂ ಅವಳಿಗೆ ತನ್ನವರು ಅಂತ ಯಾರಿರುತ್ತಾರೆ ಅನ್ನೋದು ಅವರ ಚಿಂತೆ. ನ್ಯಾಯಾಧೀಶರು ತೀರ್ಮಾನವನ್ನು ಅಮ್ಮನಿಗೆ ಬಿಟ್ಟರು. ದೇಹ ಅಮೆರಿಕಕ್ಕೆ ಬಂತು. ಮಗಳ ಕೊನೆಯ ದಿನ ಅಮ್ಮನ ಗಮನವೆಲ್ಲ ಮುಂದಿನ ವ್ಯವಸ್ಥೆಯ ಮೇಲೇ ಇತ್ತು ಅಂತ ಆಸ್ಪತ್ರೆಯವರು ಬೇಸರಪಟ್ಟುಕೊಂಡಿದ್ದರು.

ಒಂದು ತಮಾಷೆ ಹೇಳದೆ ಇರಲಾರೆ. ಈ ಜನಕ್ಕೆ ಪೋಸ್ಟ್‌ಮಾರ್ಟಂ ಅಂದರೆ ಭಯ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ಧರ್ಮದ ಕಾರಣಕ್ಕೆ ಪೋಸ್ಟ್‌ಮಾರ್ಟಂ ಬೇಡ ಅಂತ ಮೊದಲೇ ಬರೆದಿಡಬಹುದು. ದೇವರನ್ನು ನಂಬದ ಸದಸ್ಯರೂ ಅದಕ್ಕೆ ಸಹಿ ಹಾಕುತ್ತಾರೆ!

ವಿವರಣೆಗೆ, ಮುಚ್ಚುಮರೆಯಿಲ್ಲದ ಮಾತಿಗೆ ಐದಕ್ಕೆ ನಾಲ್ಕು ಸ್ಟಾರ್. ಸೇವೆಗೆ ಸ್ಟಾರ್ ಕೊಡೋಕೆ ಗಿರಾಕಿಗಳೇ ಎದ್ದು ಬರಬೇಕು. ಗಂಡ ಸಹಿ ಹಾಕಿದರೆ ಹಾಕಲಿ, ಅವರ ದೇಹ, ನಾನು ಅಡ್ಡ ಬರುವುದಿಲ್ಲ. ಆದರೆ ಮರಣಪತ್ರದ ತಾರೀಕು ನೋಡಿ ವರ್ಷಕ್ಕೊಮ್ಮೆ ತಿಥಿ ಮಾಡಿಸುತ್ತೇನೆ ಅಂತ ಅವತ್ತೇ ಕಾರಿನಲ್ಲಿ ಹೇಳಿದ್ದೇನೆ. ಅತ್ತೆ ಹಿಂದಿನ ಸೀಟಿನಿಂದ "ವಡೆ ಮಾಡ್ಸು, ಅವನಿಗಿಷ್ಟ" ಅಂದರು.