ಮನೆಯಲ್ಲೇ ಆಮಂತ್ರಣ ಪತ್ರಿಕೆ: ವರ್ಡ್, ರೈಟರ್, ಗೂಗಲ್ ಡಾಕ್ಸ್ – ಯಾವುದು ಕೈಹಿಡಿಯುತ್ತದೆ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪಾರ್ಟಿಗೆ ಕರೆಯುವ ಪತ್ರಿಕೆಯನ್ನು ಮನೆಯಲ್ಲೇ ಮಾಡಿ ಅಚ್ಚು ಹಾಕುವುದಾದರೆ ಮೈಕ್ರೋಸಾಫ್ಟ್ ವರ್ಡ್ ಮೊದಲ ಆಯ್ಕೆ. ಲಿಬ್ರೆಆಫೀಸ್ ರೈಟರ್ ಅದರ ಬೆನ್ನಿಗೇ ಇದೆ, ಒಂದು ವಿಷಯದಲ್ಲಂತೂ ಮುಂದೆಯೇ ಇದೆ. ಗೂಗಲ್ ಡಾಕ್ಸ್ ಒಕ್ಕಣೆ ತಿದ್ದಿಕೊಳ್ಳಲು ಚೆನ್ನ, ಪತ್ರಿಕೆ ಕಟ್ಟಲು ಅಲ್ಲ. ವಿನ್ಯಾಸಕ್ಕೆಂದೇ ಬೇರೆ ತಂತ್ರಾಂಶಗಳಿವೆಯಲ್ಲ ಎನ್ನಬಹುದು. ಇವೆ, ನೋಡಲು ಅಂದವಾಗಿಯೂ ಬರುತ್ತವೆ. ಆದರೆ ಪ್ರತಿ ಪತ್ರಿಕೆಯ ಮೇಲೂ ಬೇರೆ ಬೇರೆ ಹೆಸರು ಬರಬೇಕು, ಕೊನೆ ಗಳಿಗೆಯಲ್ಲಿ ಸಮಯ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕಾಗಬೇಕು ಅಂದಾಗ ಬರವಣಿಗೆಯ ತಂತ್ರಾಂಶವಾದ ಹಳೆಯ ವರ್ಡ್ ಪ್ರೊಸೆಸರೇ ಗಟ್ಟಿ.

ಇದರಲ್ಲಿ ಬಹಳಷ್ಟು ಜನ ಎಡವುವುದು ಒಂದೇ ಜಾಗದಲ್ಲಿ. ವರ್ಡ್ ಪ್ರೊಸೆಸರಿನ ಜಾಯಮಾನ ಪಠ್ಯವನ್ನು ಹರಿಯಬಿಡುವುದು. ಮೇಲೊಂದು ಸಾಲು ಸೇರಿಸಿದರೆ ಕೆಳಗಿನದೆಲ್ಲ ಜಾರುತ್ತದೆ. ಪತ್ರಿಕೆಗೆ ಬೇಕಾದದ್ದು ಇದರ ತದ್ವಿರುದ್ಧ: ಶೀರ್ಷಿಕೆ, ದಿನಾಂಕ, ಸ್ಥಳ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಅಲುಗದೆ ಕೂರಬೇಕು. ಎಂಟರ್ ಒತ್ತಿ ಒತ್ತಿ ಕೆಳಗಿಳಿಸುವುದು, ಸ್ಪೇಸ್ ಬಾರ್ ಒತ್ತಿ ನಡುವಿಗೆ ತರುವುದು – ಇವೆರಡನ್ನೂ ಬಿಟ್ಟರೆ ಅರ್ಧ ಕಾಟ ತಪ್ಪಿತು. ಹರಿಯುವ ಪಠ್ಯವನ್ನು ಕಟ್ಟಿಹಾಕಲು ಟೇಬಲ್ ಬಳಸಿ. ಟೆಕ್ಸ್ಟ್ ಬಾಕ್ಸ್ ಎರಡನೆಯ ಮಾತು.

ವರ್ಡ್‌ನಲ್ಲಿ ಒಂದು ಎ4 ಹಾಳೆಗೆ ನಾಲ್ಕು ಎ6 ಪತ್ರಿಕೆ ಕೂರಿಸುವ ಬಗೆ ಹೀಗೆ. ಲೇಔಟ್‌ನಲ್ಲಿ ನಾಲ್ಕೂ ಮಾರ್ಜಿನ್ ಸೊನ್ನೆ ಮಾಡಿ. ಮಾರ್ಜಿನ್ ಅಚ್ಚಾಗುವ ಜಾಗದ ಆಚೆ ಇದೆ ಎಂದು ವರ್ಡ್ ಎಚ್ಚರಿಸಿದರೆ ಇಗ್ನೋರ್ ಒತ್ತಿ. ಎರಡು ಸಾಲು, ಎರಡು ಕಾಲಮಿನ ಟೇಬಲ್ ಹಾಕಿ. ಟೇಬಲ್ ಪ್ರಾಪರ್ಟೀಸ್‌ನಲ್ಲಿ ಕಾಲಮಿನ ಅಗಲ 10.5 ಸೆಂ.ಮೀ., ಸಾಲಿನ ಎತ್ತರ 14.8 ಸೆಂ.ಮೀ., ಎತ್ತರದ ಪಕ್ಕದಲ್ಲಿರುವ ಆಯ್ಕೆ 'ಎಕ್ಸಾಕ್ಟ್‌ಲಿ'. ಟೇಬಲನ್ನು ಪುಟದ ನಡುವಿಗೆ ಅಲೈನ್ ಮಾಡಿ, ಒಳಗಿರುವ ವಿಷಯಕ್ಕೆ ತಕ್ಕಂತೆ ತಾನೇ ಹಿಗ್ಗುವ ಆಯ್ಕೆಯನ್ನು ತೆಗೆದುಹಾಕಿ, ಸೆಲ್ ಮಾರ್ಜಿನ್ ನಾಲ್ಕೂ ಕಡೆ 1 ಸೆಂ.ಮೀ. ಕೊಡಿ. ಗೆರೆ ಬೇಡವಾದರೆ ಬಾರ್ಡರ್ ತೆಗೆಯಿರಿ. ಕತ್ತರಿಸಲು ಗುರುತು ಬೇಕಾದರೆ ಕಾಲು ಪಾಯಿಂಟಿನ ತಿಳಿ ಬೂದು ಗೆರೆ ಸಾಕು.

ಇಷ್ಟಾದ ಮೇಲೆ ಬಹುತೇಕ ಒಂದು ಖಾಲಿ ಪುಟ ಹಿಂದೆ ಬಂದು ನಿಲ್ಲುತ್ತದೆ. ಡಿಲೀಟ್ ಒತ್ತಿದರೂ ಹೋಗುವುದಿಲ್ಲ. ಟೇಬಲ್ ಆದ ಮೇಲೆ ಒಂದು ಪ್ಯಾರಾಗ್ರಾಫ್ ಇರಲೇಬೇಕೆಂಬುದು ವರ್ಡ್‌ನ ನಿಯಮ. ಆ ಪ್ಯಾರಾಗ್ರಾಫಿಗೆ ಜಾಗ ಸಾಲದೆ ಮುಂದಿನ ಪುಟಕ್ಕೆ ಹೋಗಿದೆ, ಅಷ್ಟೇ. ಅದನ್ನು ಆರಿಸಿ ಅಕ್ಷರದ ಗಾತ್ರ 1 ಪಾಯಿಂಟ್, ಲೈನ್ ಸ್ಪೇಸಿಂಗ್ ಎಕ್ಸಾಕ್ಟ್‌ಲಿ 1 ಪಾಯಿಂಟ್, ಹಿಂದೆ ಮುಂದೆ ಸ್ಪೇಸಿಂಗ್ ಸೊನ್ನೆ ಮಾಡಿ. ಎ4 ಎತ್ತರ 29.7 ಸೆಂ.ಮೀ., ಟೇಬಲ್ 29.6, ಉಳಿದ ಒಂದು ಮಿಲಿಮೀಟರಿನಲ್ಲಿ ಅದು ಅಡಗಿ ಕೂರುತ್ತದೆ. ಇನ್ನೊಂದು ಎಚ್ಚರ: ಎತ್ತರ 'ಎಕ್ಸಾಕ್ಟ್‌ಲಿ' ಇರುವ ಸೆಲ್‌ನಲ್ಲಿ ಪಠ್ಯ ಹೆಚ್ಚಾದರೆ ವರ್ಡ್ ದೂರುವುದಿಲ್ಲ, ಕೊನೆಯ ಸಾಲನ್ನು ಸುಮ್ಮನೆ ಮರೆಮಾಡುತ್ತದೆ. ಆ ಕೊನೆಯ ಸಾಲಿನಲ್ಲೇ ಸಾಮಾನ್ಯವಾಗಿ ಫೋನ್ ನಂಬರ್ ಇರುತ್ತದೆ.

ಮಡಿಸುವ ಪತ್ರಿಕೆ ಬೇಕೆಂದರೆ ಪೇಜ್ ಸೆಟಪ್‌ನ ಮಲ್ಟಿಪಲ್ ಪೇಜಸ್ ಪಟ್ಟಿಯಲ್ಲಿ 'ಬುಕ್ ಫೋಲ್ಡ್' ಇದೆ. ಎ4 ಹಾಳೆ ತಾನಾಗಿ ಅಡ್ಡಕ್ಕೆ ತಿರುಗುತ್ತದೆ. ನೀವು ನಾಲ್ಕು ಪುಟ ಬರೆದರೆ ಒಂದನೆಯದು ಮುಖಪುಟ, ಎರಡು ಮತ್ತು ಮೂರು ಒಳಗೆ, ನಾಲ್ಕು ಬೆನ್ನಿಗೆ. ಎರಡೂ ಬದಿ ಅಚ್ಚು ಮಾಡುವಾಗ 'ಫ್ಲಿಪ್ ಆನ್ ಶಾರ್ಟ್ ಎಡ್ಜ್' ಆರಿಸದಿದ್ದರೆ ಒಳಪುಟ ತಲೆಕೆಳಗಾಗಿ ಬರುತ್ತದೆ. ಪಿಡಿಎಫ್ ಆಗಿ ಸೇವ್ ಮಾಡಿದರೆ ಪುಟಗಳು ಒಂದೊಂದಾಗಿ ಅರ್ಧ ಗಾತ್ರದಲ್ಲಿ ಬರುತ್ತವೆ, ಜೋಡಿಯಾಗಿ ಅಲ್ಲ. ಹಾಗಾಗಿ ಬುಕ್ ಫೋಲ್ಡನ್ನು ನೇರವಾಗಿ ವರ್ಡ್‌ನಿಂದಲೇ ಪ್ರಿಂಟ್ ಕೊಡುವುದು ಒಳ್ಳೆಯದು.

ಎರಡೂ ಬದಿ ಅಚ್ಚು ಹಾಕದ ಪ್ರಿಂಟರ್ ಇದ್ದರೆ ನಾಲ್ಕು ಮಡಿಕೆಯ ವಿಧಾನವೇ ಲೇಸು. ಹಾಳೆಯ ಒಂದೇ ಮುಖ ಸಾಕು. ಎ4 ಹಾಳೆಯನ್ನು ನಿಲ್ಲಿಸಿ ನಾಲ್ಕು ಭಾಗ ಮಾಡಿಕೊಳ್ಳಿ. ಕೆಳಗಿನ ಬಲಭಾಗ ಮುಖಪುಟ, ಕೆಳಗಿನ ಎಡಭಾಗ ಹಿಂಬದಿ, ಇವೆರಡೂ ನೆಟ್ಟಗಿರಬೇಕು. ಮೇಲಿನ ಎರಡೂ ಭಾಗ ತಲೆಕೆಳಗಾಗಿರಬೇಕು, ಮಡಿಸಿದಾಗ ಅವೇ ಒಳಪುಟಗಳಾಗುತ್ತವೆ. ಮೇಲಿನ ಬಲಭಾಗ ಒಳಗಿನ ಎಡಪುಟವಾಗುತ್ತದೆ, ಮೇಲಿನ ಎಡಭಾಗ ಒಳಗಿನ ಬಲಪುಟ. ಇದನ್ನು ಅದಲುಬದಲು ಮಾಡಿದರೆ ವಿಳಾಸ ಮೊದಲು, ಕರೆಯೋಲೆ ಆಮೇಲೆ ಎಂಬಂತಾಗುತ್ತದೆ. ಟೇಬಲಿನ ಸೆಲ್‌ನಲ್ಲಿ ಪಠ್ಯವನ್ನು 180 ಡಿಗ್ರಿ ತಿರುಗಿಸಲಾಗದು. ಟೆಕ್ಸ್ಟ್ ಬಾಕ್ಸ್ ಬೇಕಾಗುವುದು ಇಲ್ಲೇ. ಬಾಕ್ಸ್ ಎಳೆದು, ಔಟ್‌ಲೈನ್ ತೆಗೆದು, ರೊಟೇಶನ್‌ನಲ್ಲಿ 180 ಎಂದು ಬರೆಯಿರಿ. ವರ್ಡ್ 2010ರಿಂದ ಈಚೆಗಿನ ಆವೃತ್ತಿಗಳಲ್ಲಿ ಒಳಗಿನ ಅಕ್ಷರವೂ ಜೊತೆಗೇ ತಿರುಗುತ್ತದೆ. ಮಡಿಸುವಾಗ ಮೇಲರ್ಧವನ್ನು ಹಿಂದಕ್ಕೆ ಮಡಚಿ, ನಂತರ ಎಡಭಾಗವನ್ನು ಹಿಂದಕ್ಕೆ.

ಚಿತ್ರಗಳ ವಿಷಯದಲ್ಲಿ ವರ್ಡ್ ಮೊದಲಿನಿಂದಲೂ ಮೊಂಡು. ಸೇರಿಸಿದ ಚಿತ್ರ ಸಾಲಿನೊಳಗಿನ ಒಂದು ದೊಡ್ಡ ಅಕ್ಷರದಂತೆ ಕೂರುತ್ತದೆ. ಆ ಸಾಲಿನ ಸ್ಪೇಸಿಂಗ್ 'ಎಕ್ಸಾಕ್ಟ್‌ಲಿ' ಇದ್ದರೆ ಚಿತ್ರದ ಒಂದು ತೆಳು ಪಟ್ಟಿ ಮಾತ್ರ ಕಾಣುತ್ತದೆ. ಚಿತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಸೇರಿಸಬೇಡಿ. ವ್ರ್ಯಾಪ್ ಟೆಕ್ಸ್ಟ್‌ನಲ್ಲಿ 'ಬಿಹೈಂಡ್ ಟೆಕ್ಸ್ಟ್' ಮಾಡಿ, 'ಫಿಕ್ಸ್ ಪೊಸಿಶನ್ ಆನ್ ಪೇಜ್' ಆರಿಸಿ. ಹಿಂದೆ ಹೋದ ಚಿತ್ರ ಕ್ಲಿಕ್‌ಗೆ ಸಿಗದಿದ್ದರೆ ಆಲ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ತೆರೆಯುವ ಸೆಲೆಕ್ಷನ್ ಪೇನ್‌ನಲ್ಲಿ ಅದರ ಹೆಸರು ಸಿಗುತ್ತದೆ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಎಂದು ಲೆಕ್ಕ ಹಾಕಿದರೆ ಎ6ಗೆ 1240×1748, ಎ5ಗೆ 1748×2480 ಪಿಕ್ಸೆಲಿನ ಚಿತ್ರ ಬೇಕು. ಮೆಸೇಜಿನಲ್ಲಿ ಬಂದು ಕುಗ್ಗಿದ ಫೋಟೊ ಪರದೆಯ ಮೇಲೆ ಚೆಂದ ಕಂಡರೂ ಕಾಗದದ ಮೇಲೆ ಮಸುಕಾಗುತ್ತದೆ. ಒಳ್ಳೆಯ ಫೋಟೊವನ್ನೂ ವರ್ಡ್ ಸೇವ್ ಮಾಡುವಾಗ ಕುಗ್ಗಿಸಬಹುದು. ಆಪ್ಶನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಚಿತ್ರಗಳನ್ನು ಕಂಪ್ರೆಸ್ ಮಾಡಬೇಡ ಎಂಬ ಆಯ್ಕೆಗೆ ಮೊದಲೇ ಟಿಕ್ ಹಾಕಿ. ಒಮ್ಮೆ ಕುಗ್ಗಿಸಿ ಸೇವ್ ಆದದ್ದು ಮರಳುವುದಿಲ್ಲ.

ಪೇಜ್ ಬಾರ್ಡರ್ಸ್‌ನ 'ಆರ್ಟ್' ಪಟ್ಟಿಯಲ್ಲಿರುವ ಬಲೂನು, ನಕ್ಷತ್ರ, ಹೂಬಳ್ಳಿಗಳು ಹಳೆಯ ಕಾಲದವು ಎಂದು ಮೂಗು ಮುರಿಯುವವರಿದ್ದಾರೆ. ಒಂದೇ ಬಣ್ಣದ ಸಣ್ಣ ನಮೂನೆ ಆರಿಸಿದರೆ ಇಂದಿಗೂ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಬರುವುದು ಅಚ್ಚಿನಲ್ಲಿ: ಕೆಳಗಿನ ಅಂಚು ಕತ್ತರಿಸಿಹೋಗುತ್ತದೆ. ಮನೆಯ ಪ್ರಿಂಟರುಗಳು ಕಾಗದದ ಅಂಚಿನ ಕೆಲವು ಮಿಲಿಮೀಟರ್ ಜಾಗದಲ್ಲಿ ಅಚ್ಚು ಮಾಡಲಾರವು, ಕೆಳಗಡೆ ಈ ಜಾಗ ಇನ್ನೂ ಹೆಚ್ಚಿರಬಹುದು. ಬಾರ್ಡರಿನ ಆಪ್ಶನ್ಸ್‌ನಲ್ಲಿ ಅಳತೆಯನ್ನು ಪುಟದ ಅಂಚಿನಿಂದ ಎನ್ನುವ ಬದಲು ಪಠ್ಯದಿಂದ ಎಂದು ಬದಲಿಸಿ. ಪುಟಕ್ಕೆ ಕೊಟ್ಟ ಹಿನ್ನೆಲೆ ಬಣ್ಣ ಅಚ್ಚಿನಲ್ಲಿ ಮಾಯವಾದರೆ ಗಾಬರಿ ಬೇಡ. ಡಿಸ್‌ಪ್ಲೇ ಆಪ್ಶನ್ಸ್‌ನಲ್ಲಿ ಹಿನ್ನೆಲೆ ಬಣ್ಣ ಅಚ್ಚು ಮಾಡುವ ಆಯ್ಕೆಗೆ ಟಿಕ್ ಇರುವುದಿಲ್ಲ, ಹಾಕಬೇಕು.

ಕನ್ನಡದಲ್ಲಿ ಪತ್ರಿಕೆ ಬರೆಯುವವರಿಗೆ ಒಂದೆರಡು ಮಾತು ಹೆಚ್ಚು ಬೇಕು. ಲೈನ್ ಸ್ಪೇಸಿಂಗನ್ನು ಎಕ್ಸಾಕ್ಟ್‌ಲಿ ಮಾಡಿದರೆ ಒತ್ತಕ್ಷರಗಳ ಬುಡ ಕತ್ತರಿಸುತ್ತದೆ; 'ಆಹ್ವಾನ'ದ ವಕಾರ ಅರ್ಧ ಕಾಣುತ್ತದೆ. 'ಮಲ್ಟಿಪಲ್' ಆರಿಸಿ 1.15ರಿಂದ 1.3ರ ನಡುವೆ ಇಡಿ. ಫಾಂಟ್ ಪೆಟ್ಟಿಗೆಯಲ್ಲಿ ಹೆಸರು ಬದಲಾದರೂ ಅಕ್ಷರದ ಚಹರೆ ಹಾಗೇ ಉಳಿದರೆ ಆ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲವೆಂದು ಅರ್ಥ. ವರ್ಡ್ ಸದ್ದಿಲ್ಲದೆ ಬೇರೊಂದನ್ನು ಹಾಕಿರುತ್ತದೆ. ನೋಟೊ ಸೆರಿಫ್ ಕನ್ನಡ, ಟಿರೋ ಕನ್ನಡ, ಬಲೂ ತಮ್ಮ 2 ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ದುಂಡಗೆ ದಪ್ಪಗಿರುವ ಬಲೂ ತಮ್ಮ ಮಕ್ಕಳ ಪಾರ್ಟಿಯ ಶೀರ್ಷಿಕೆಗೆ ಹೇಳಿ ಮಾಡಿಸಿದಂತಿದೆ, ಒಕ್ಕಣೆಗೆ ನೋಟೊ ಸೆರಿಫ್ ಓದಲು ಹಿತ. ಇಟಾಲಿಕ್ ಗುಂಡಿ ಮುಟ್ಟಬೇಡಿ. ಬಹುತೇಕ ಕನ್ನಡ ಫಾಂಟುಗಳಿಗೆ ಓರೆ ರೂಪ ಇಲ್ಲ. ತಂತ್ರಾಂಶ ಇದ್ದದ್ದನ್ನೇ ವಾಲಿಸುತ್ತದೆ, ಅಕ್ಷರ ಬೀಳುವಂತೆ ಕಾಣುತ್ತದೆ.

ಇನ್ನು ವರ್ಡ್‌ಗೆ ನಾವು ಮೊದಲ ಸ್ಥಾನ ಕೊಡಲು ಕಾರಣವಾದ ಮೇಲ್ ಮರ್ಜ್, ಅಂದರೆ ಪಟ್ಟಿಯಲ್ಲಿರುವ ಒಂದೊಂದು ಹೆಸರನ್ನೂ ಒಂದೊಂದು ಪತ್ರಿಕೆಯಲ್ಲಿ ತಾನೇ ತುಂಬುವ ಸೌಲಭ್ಯ. ಎಕ್ಸೆಲ್‌ನಲ್ಲಿ ಮೊದಲ ಸಾಲಿಗೆ ಕಾಲಮುಗಳ ಹೆಸರು, ಕೆಳಗೆ ಅತಿಥಿಗಳ ಪಟ್ಟಿ. ಫೈಲ್ ಸೇವ್ ಮಾಡಿ ಮುಚ್ಚಿ. ವರ್ಡ್‌ನ ಮೇಲಿಂಗ್ಸ್‌ನಲ್ಲಿ 'ಲೆಟರ್ಸ್' ಆರಿಸಿ, ಪಟ್ಟಿ ಜೋಡಿಸಿ, ಮೊದಲ ಸೆಲ್‌ನಲ್ಲಿ ಹೆಸರಿನ ಫೀಲ್ಡ್ (ಪಟ್ಟಿಯಿಂದ ಹೆಸರು ಬಂದು ಕೂರುವ ಜಾಗ) ಸೇರಿಸಿ. ಆ ಸೆಲ್ ಪೂರ್ತಿ ತಿದ್ದಿ ಮುಗಿದ ಮೇಲೆ ಉಳಿದ ಮೂರಕ್ಕೆ ನಕಲು ಮಾಡಿ, ಆ ಮೂರರ ಆರಂಭದಲ್ಲಿ ಮಾತ್ರ ರೂಲ್ಸ್ ಪಟ್ಟಿಯಿಂದ 'ನೆಕ್ಸ್ಟ್ ರೆಕಾರ್ಡ್' ಹಾಕಿ. ಹಾಕದಿದ್ದರೆ ನಾಲ್ಕೂ ಪತ್ರಿಕೆಯಲ್ಲಿ ಒಬ್ಬರದೇ ಹೆಸರು. ಮೊದಲ ಸೆಲ್‌ಗೂ ಹಾಕಿದರೆ ಪಟ್ಟಿಯ ಮೊದಲ ಅತಿಥಿಗೆ ಪತ್ರಿಕೆಯೇ ಇಲ್ಲ. ನೇರ ಪ್ರಿಂಟ್ ಕೊಡದೆ 'ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್' ಮೂಲಕ ಹೊಸ ಫೈಲ್ ಮಾಡಿ ಕಣ್ಣಾಡಿಸಿ.

ಹೆಸರಿನ ಫೀಲ್ಡಿಗೆ ವಿಭಕ್ತಿ ಪ್ರತ್ಯಯ ಅಂಟಿಸಬೇಡಿ. 'ಗೆ' ಎಂದು ಸೇರಿಸಿದರೆ ಒಬ್ಬರಿಗೆ ಸರಿಹೋಗುತ್ತದೆ, ಮುಂದಿನವರಿಗೆ 'ಇಗೆ' ಬೇಕಾಗುತ್ತದೆ. ಹೆಸರಿನ ನಂತರ ಜಾಗ ಬಿಟ್ಟು 'ಅವರಿಗೆ' ಎಂದರೆ ಎಲ್ಲರಿಗೂ ಹೊಂದುತ್ತದೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ, ಯೂನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿಯನ್ನು ಹಾಗೇ ಜೋಡಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪಟ್ಟಿಯಲ್ಲಿ ದಿನಾಂಕದ ಕಾಲಮ್ ಇದ್ದರೆ ಅದನ್ನು ಟೆಕ್ಸ್ಟ್ ಆಗಿ ಬರೆಯುವುದು ವಾಸಿ. ಇಲ್ಲದಿದ್ದರೆ ತಿಂಗಳು ಮುಂದೆ, ದಿನ ಹಿಂದೆ ಆಗಿಬಿಡುವುದುಂಟು.

ರೈಟರ್ ವರ್ಡ್‌ಗಿಂತ ಮುಂದಿರುವುದು ಲೇಬಲ್ ವಿಷಯದಲ್ಲಿ. ಫೈಲ್, ನ್ಯೂ, 'ಲೇಬಲ್ಸ್' ತೆರೆದು ಒಂದು ಪತ್ರಿಕೆಯ ಅಗಲ, ಎತ್ತರ, ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಂದು ಕೊಟ್ಟು, ಆಪ್ಶನ್ಸ್‌ನಲ್ಲಿ 'ಸಿಂಕ್ರೊನೈಸ್ ಕಂಟೆಂಟ್ಸ್' ಟಿಕ್ ಮಾಡಿ. ಮೊದಲ ಪತ್ರಿಕೆಯನ್ನು ಮಾತ್ರ ತಿದ್ದಿ ಗುಂಡಿ ಒತ್ತಿದರೆ ಉಳಿದವೆಲ್ಲ ಹಾಗೇ ಬದಲಾಗುತ್ತವೆ. ಹೆಸರು ಬೇಡದ, ಎಲ್ಲವೂ ಒಂದೇ ತರಹದ ಪತ್ರಿಕೆಗೆ ಇದಕ್ಕಿಂತ ಸುಲಭ ಇಲ್ಲ. ಮಡಿಸುವ ಪತ್ರಿಕೆಗೆ ಪ್ರಿಂಟ್ ಕೊಡುವಾಗ ತೆರೆಯುವ ಕಿಟಕಿಯಲ್ಲಿ 'ಬ್ರೋಶರ್' ಇದೆ. ಕೊರತೆ ಎಂದರೆ ಮೇಲ್ ಮರ್ಜ್: ಕ್ಯಾಲ್ಕ್ (ಲಿಬ್ರೆಆಫೀಸಿನಲ್ಲಿ ಎಕ್ಸೆಲ್ ಬದಲಿಗಿರುವುದು) ಪಟ್ಟಿಯನ್ನು ಮೊದಲು ಡೇಟಾ ಸೋರ್ಸ್ ಎಂದು ನೋಂದಾಯಿಸಬೇಕು, ಅಲ್ಲಿ ಹೊಸಬರು ದಾರಿ ತಪ್ಪುತ್ತಾರೆ. ಕನ್ನಡ ಬಳಸುವವರು ಭಾಷೆಯ ಸೆಟ್ಟಿಂಗ್‌ನಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಆನ್ ಮಾಡಿ. ಇಲ್ಲವಾದರೆ ಕನ್ನಡಕ್ಕೆ ಬೇರೆ ಫಾಂಟ್, ಬೇರೆ ಗಾತ್ರ ಕೊಡುವ ಜಾಗವೇ ಕಾಣುವುದಿಲ್ಲ. ವರ್ಡ್ ಫೈಲನ್ನು ರೈಟರ್‌ನಲ್ಲೋ, ರೈಟರ್ ಫೈಲನ್ನು ವರ್ಡ್‌ನಲ್ಲೋ ತೆರೆದು ಮುಗಿಸುವ ಯೋಚನೆ ಬೇಡ. ಬಾಕ್ಸುಗಳು ಜಾಗ ಬಿಟ್ಟು ಕದಲುತ್ತವೆ.

ಡಾಕ್ಸ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಪೇಜ್ ಬಾರ್ಡರ್ ಇಲ್ಲ, ಟೇಬಲ್ ಸಾಲಿಗೆ ಕನಿಷ್ಠ ಎತ್ತರ ಕೊಡಬಹುದೇ ಹೊರತು ನಿಖರ ಎತ್ತರ ಕೊಡಲಾಗದು, ಟೆಕ್ಸ್ಟ್ ಬಾಕ್ಸ್ ಬೇಕೆಂದರೆ ಡ್ರಾಯಿಂಗ್ ಒಳಗೆ ಹೋಗಬೇಕು. ನಾಲ್ಕು ಜನ ಸೇರಿ ಒಕ್ಕಣೆ ತಿದ್ದಲು ಮಾತ್ರ ಇದಕ್ಕೆ ಸಾಟಿಯಿಲ್ಲ. ಗೂಗಲ್‌ನಲ್ಲೇ ಮಾಡುವ ಹಟವಿದ್ದರೆ ಸ್ಲೈಡ್ಸ್ ತೆರೆದು ಪುಟದ ಅಳತೆ ಕೊಟ್ಟುಕೊಳ್ಳಿ.

ಪ್ರಿಂಟ್ ಕೊಡುವ ಕಿಟಕಿಯಲ್ಲಿ 'ಫಿಟ್' ಎಂದಿದ್ದರೆ ತೆಗೆದು 'ಆಕ್ಚುವಲ್ ಸೈಜ್' ಅಥವಾ 100% ಮಾಡಿ. ಪುಟ ಸ್ವಲ್ಪ ಕುಗ್ಗಿದರೂ ಕತ್ತರಿಸುವ ಗೆರೆ ಮತ್ತು ಮಡಿಕೆ ಎರಡೂ ತಪ್ಪುತ್ತವೆ. ಕಾಗದ (ಅದರ ದಪ್ಪವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಜಿಎಸ್‌ಎಂನಲ್ಲಿ ಹೇಳುತ್ತಾರೆ) ಮಾಮೂಲಿ 80 ಜಿಎಸ್‌ಎಂ ಆದರೆ ಹಿಂದಿನ ಮುಖದ ಬಣ್ಣ ಕಾಣುತ್ತದೆ. 160ರಿಂದ 200 ಒಳ್ಳೆಯದು, ನಿಮ್ಮ ಪ್ರಿಂಟರ್ ಎಷ್ಟು ದಪ್ಪ ತಾಳುತ್ತದೆಂದು ಮೊದಲು ಕೈಪಿಡಿ ನೋಡಿ. ಮುಂದಿನ ಟ್ರೇಯಿಂದ ಹೋಗುವ ಹಾಳೆ ಒಳಗೆ ಪೂರ್ತಿ ಬಾಗಿ ಹೊರಬರುತ್ತದೆ, ದಪ್ಪ ಕಾಗದ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಹಿಂದಿನ ಟ್ರೇ ಇದ್ದರೆ ಅದನ್ನೇ ಬಳಸಿ. ಇಂಕ್‌ಜೆಟ್‌ಗೆಂದು ಮಾಡಿದ ಹೊಳಪಿನ ಫೋಟೊ ಕಾಗದವನ್ನು ಲೇಸರ್ ಪ್ರಿಂಟರಿಗೆ ಹಾಕಲೇಬೇಡಿ, ಅದರ ಲೇಪ ಶಾಖಕ್ಕೆ ಕರಗಿ ರೋಲರಿಗೆ ಅಂಟುತ್ತದೆ. ಲೇಸರ್‌ನಲ್ಲಿ ಕಾಗದದ ಬಗೆ 'ಥಿಕ್' ಎಂದು ಕೊಡದಿದ್ದರೆ ಟೋನರ್ ಸರಿಯಾಗಿ ಹಿಡಿಯದೆ ಮಡಿಕೆಯಲ್ಲಿ ಉದುರುತ್ತದೆ. ಹೇಗೂ ಮಡಿಕೆಯ ಮೇಲೆ ಗಾಢ ಬಣ್ಣ ಬರದಂತೆ ನೋಡಿಕೊಳ್ಳಿ. ಮಡಿಸುವ ಮುನ್ನ ಸ್ಕೇಲ್ ಇಟ್ಟು ಇಂಕ್ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆದರೆ ದಪ್ಪ ಕಾಗದ ಸಿಬಿರೇಳದೆ ನೀಟಾಗಿ ಮಡಚಿಕೊಳ್ಳುತ್ತದೆ.

ಲಕೋಟೆ ಎ6 ಪತ್ರಿಕೆಗೆ ಸಿ6, ಅಂದರೆ 114×162 ಮಿ.ಮೀ.; ಎ5ಗೆ ಸಿ5, 162×229 ಮಿ.ಮೀ. ಲಕೋಟೆಯ ಮೇಲಿನ ವಿಳಾಸಕ್ಕೆ ಮತ್ತೆ ಟೈಪ್ ಮಾಡುವ ಅಗತ್ಯವಿಲ್ಲ: ಅದೇ ಎಕ್ಸೆಲ್ ಪಟ್ಟಿಗೆ ವಿಳಾಸದ ಕಾಲಮ್ ಸೇರಿಸಿ, ಮೇಲಿಂಗ್ಸ್‌ನಲ್ಲಿ ಈ ಸಲ 'ಲೇಬಲ್ಸ್' ಆರಿಸಿ, ಮೊದಲ ಲೇಬಲ್ ತುಂಬಿದ ಮೇಲೆ 'ಅಪ್‌ಡೇಟ್ ಲೇಬಲ್ಸ್' ಒತ್ತಿ.