ರಿಪೇರಿ ಅರ್ಧಕ್ಕೆ ನಿಂತ ಮನೆ ಮಾರುವ ಮುಂಚೆ

ರಿಪೇರಿ ಅರ್ಧಕ್ಕೆ ನಿಂತಿರುವ ಮನೆ ಮಾರಲು ಹೊರಟಿದ್ದೀರಾ? ಅಥವಾ ಅಂಥ ಮನೆ ಮೇಲೆ ಸಾಲ ಕೇಳಬೇಕು ಅಂತಿದ್ದೀರಾ? ಮನೆಗೆ ಬೆಲೆ ಕಟ್ಟುವ ಬ್ಯಾಂಕಿನ ವ್ಯಾಲ್ಯುಯರ್ ಬಾಗಿಲಿಗೆ ಬರುವ ಮುಂಚೆ ಇದನ್ನು ಓದಿಬಿಡಿ. ನಮ್ಮ ಮನೆ ವ್ಯಾಪಾರ ಮುರಿದುಬಿದ್ದದ್ದು ಅಲ್ಲೇ.

ತುಮಕೂರಿನ ಸರಸ್ವತಿಪುರಂನಲ್ಲಿ ಅಪ್ಪ ಕಟ್ಟಿಸಿದ ಮನೆ, 30-40ರ ಸೈಟು. ರೆಡ್ ಆಕ್ಸೈಡ್ ನೆಲ ತೆಗೆದು ಗ್ರಾನೈಟ್, ಅಡುಗೆಮನೆ ಮತ್ತು ಬಚ್ಚಲು ಹೊಸದು, ಮೇಲೊಂದು ರೂಮು: ಇಷ್ಟಕ್ಕೆ ಗುತ್ತಿಗೆ ಆಗಿತ್ತು. ಒಡೆಯುವ ಕೆಲಸ ಮಾತ್ರ ಎಷ್ಟು ಚುರುಕಾಗಿ ಆಗುತ್ತೆ ಅಂತೀರಿ! ನೆಲ ಎದ್ದಿತು, ಅಡುಗೆಕಟ್ಟೆ ಹೋಯಿತು, ಬಚ್ಚಲಿನ ಪೈಪು ಕಿತ್ತರು, ಮೇಲೆ ಮೋಲ್ಡೂ ಹಾಕಿದರು. ಆಮೇಲೆ ಗುತ್ತಿಗೆದಾರನಿಗೆ ವಸಂತನರಸಾಪುರದ ಕಡೆ ದೊಡ್ಡ ಕೆಲಸ ಸಿಕ್ಕಿತು, ಆಳುಗಳೆಲ್ಲ ಅತ್ತ ಹೋದರು. ಫೋನ್ ಮಾಡಿದರೆ "ಆಷಾಢ ಕಳೀಲಿ ಸಾರ್" ಅಂದ. ಶ್ರಾವಣದಲ್ಲಿ ಫೋನೇ ಎತ್ತಲಿಲ್ಲ.

ಅಷ್ಟರಲ್ಲಿ ಅಣ್ಣತಮ್ಮಂದಿರ ಭಾಗದ ಮಾತೆದ್ದು, ಮಾರುವುದೆಂದಾಯಿತು. ಕೊಳ್ಳಲು ಬಂದವರು ಒಳ್ಳೆಯ ಜನ. ಉಳಿದ ಕೆಲಸ ನಾವೇ ಮಾಡಿಸ್ಕೋತೀವಿ ಅಂದರು. 80 ಲಕ್ಷಕ್ಕೆ ಮಾತಾಗಿ, 5 ಲಕ್ಷ ಮುಂಗಡ ಪಡೆದು ಅಗ್ರಿಮೆಂಟ್ ಬರೆದೆವು. ಅವರ ಬ್ಯಾಂಕಿನಿಂದ ಬಂದ ವ್ಯಾಲ್ಯುಯರ್ ಟೇಪು ಹಿಡಿದು ಅಳೆದ, ಮೂಲೆಮೂಲೆಯ ಫೋಟೋ ತೆಗೆದ. ವರದಿ ಬಂತು: 66 ಲಕ್ಷ.

ಹೇಗೆ ಅಂತ ಕೂತು ಬಿಡಿಸಿ ನೋಡಿದೆ. ಸೈಟಿಗೊಂದು ಬೆಲೆ, ಕಟ್ಟಡಕ್ಕೊಂದು ಬೆಲೆ. ಸೈಟಿನ 1,200 ಚದರಡಿಗೆ 48 ಲಕ್ಷ, ಅದರಲ್ಲಿ ತಕರಾರಿಲ್ಲ. ಏಟು ಬಿದ್ದದ್ದು ಕಟ್ಟಡಕ್ಕೆ: 18 ಲಕ್ಷ. ಇಂಥದ್ದೇ ಹೊಸ ಕಟ್ಟಡ ಕಟ್ಟಲು ಈಗ ಎಷ್ಟಾಗುತ್ತೋ ಅದರಲ್ಲಿ ವಯಸ್ಸಿನ ಸವಕಳಿ ಕಳೆಯುತ್ತಾರೆ. ಕೆಲಸ ನಿಂತ ಮನೆಯಾದರೆ ಅದರ ಮೇಲೆ, ವಾಸಕ್ಕೆ ಯೋಗ್ಯ ಮಾಡಲು ತಗಲುವ ಖರ್ಚನ್ನೂ ಕಳೆಯುತ್ತಾರೆ. ಅಂದರೆ ಹಳೆಯ ಅಡುಗೆಮನೆಯ ಬೆಲೆಯೂ ಹೋಯಿತು, ಹೊಸದರ ಬೆಲೆ ಸೇರಲೂ ಇಲ್ಲ. ಕೆಲಸ ಶುರು ಮಾಡದೆ ಇದ್ದಿದ್ದರೆ ಇದಕ್ಕಿಂತ ಹೆಚ್ಚು ಬರುತ್ತಿತ್ತು ಅಂತ ಆ ವ್ಯಾಲ್ಯುಯರೇ ಹೇಳಿದ.

ನಡುಮನೆಯಲ್ಲಿ ಪೇರಿಸಿಟ್ಟ ಗ್ರಾನೈಟ್ ಲೆಕ್ಕಕ್ಕಿಲ್ಲ. ನೆಲಕ್ಕೆ ಕೂರುವ ತನಕ ಅದು ಬರೀ ಸಾಮಾನು. ಬಿಲ್ಲುಗಳ ಕಟ್ಟು ತೋರಿಸಿದರೆ ತಿರುಗಿಯೂ ನೋಡಲಿಲ್ಲ. ಖರ್ಚಿಗೆ ಸಾಕ್ಷಿಯಾಗುವ ಕಾಗದ ಬೆಲೆಗೆ ಸಾಕ್ಷಿಯಲ್ಲವಂತೆ. ಸಿಟ್ಟು ಬಂತು, ಆದರೆ ಅವನು ಹೇಳಿದ್ದು ಸರಿಯೇ. ಮೇಲಿನ ರೂಮಿಗೆ ಸೊನ್ನೆ. "ನಕ್ಷೆ ಮಂಜೂರಾತಿ ಎಲ್ಲಾ ನಂದು" ಅಂದಿದ್ದ ಗುತ್ತಿಗೆದಾರ ಪಾಲಿಕೆಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಇಷ್ಟಾದರೂ ಕೊಳ್ಳುವವರು ಒಪ್ಪಿದ್ದಾರಲ್ಲ, ವರದಿ ಏನಾದರೇನು ಅನ್ನಬೇಡಿ. ಅಗ್ರಿಮೆಂಟಿನ ಬೆಲೆ, ವ್ಯಾಲ್ಯುಯರ್ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಾಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದ ಗೃಹಸಾಲಕ್ಕೆ ಮಿತಿ ಆ ಬೆಲೆಯ ಶೇ. 80. 80 ಲಕ್ಷಕ್ಕೆ 64 ಲಕ್ಷ ಸಿಗುತ್ತೆ ಅಂತ ನಂಬಿದ್ದವರಿಗೆ 52 ಲಕ್ಷದ 80 ಸಾವಿರವೇ ಗತಿ. ಉಳಿದ 11 ಲಕ್ಷ ಚಿಲ್ಲರೆ ಅವರು ಎಲ್ಲಿಂದ ತರಬೇಕು? ನೋಂದಣಿ, ಮುದ್ರಾಂಕ ಶುಲ್ಕವನ್ನೂ ಕೈಯಿಂದಲೇ ಕಟ್ಟಬೇಕು. 70ಕ್ಕೆ ಕೊಡಿ ಅಂದರು, ಅಣ್ಣಂದಿರು ಒಪ್ಪಲಿಲ್ಲ. ಮುಂಗಡದ ಜಗಳ ಬೇರೆ. ಸಾಲ ಕಡಿಮೆ ಬಂದರೆ ಮುಂಗಡ ಯಾರಿಗೆ ಅನ್ನುವ ಮಾತು ಅಗ್ರಿಮೆಂಟಿನಲ್ಲಿ ಇರಲೇ ಇಲ್ಲ. ಕೊನೆಗೆ ವಾಪಸ್ ಕೊಟ್ಟೆವು, ಮನಸ್ಸು ಮಾತ್ರ ಎರಡೂ ಕಡೆ ಕೆಟ್ಟಿತು.

ಇದೇ ಸ್ಥಿತಿಯಲ್ಲಿರುವವರು ಗ್ರಾನೈಟು, ಪಿಒಪಿ ಎಲ್ಲ ಬದಿಗಿಡಿ. ಮೊದಲು ಬಚ್ಚಲು, ಅಡುಗೆಮನೆ, ನೀರು, ಕರೆಂಟು. ನೇತಾಡುವ ವೈರು, ಚಾವಣಿಯಲ್ಲಿ ತುಕ್ಕು ಹಿಡಿದ ಕಂಬಿ ಫೋಟೋದಲ್ಲಿ ಬಂದರೆ ಬ್ಯಾಂಕಿನವರಿಗೆ ಬೇರೆ ವಿವರಣೆಯೇ ಬೇಡ. ಗುತ್ತಿಗೆದಾರನಿಗೆ ಕೆಲಸದ ಹಂತ ಮುಗಿದಂತೆ ದುಡ್ಡು ಕೊಡಿ, ಒಂದು ಕಂತು ಕೊನೆಯವರೆಗೂ ನಿಮ್ಮ ಕೈಯಲ್ಲೇ ಇರಲಿ. ಕೆಲಸ ಮುಗಿದ ಮೇಲೆ ಮರುಪರಿಶೀಲನೆ ಕೇಳಬಹುದು. ಅದಕ್ಕೆ ಮತ್ತೆ ಶುಲ್ಕ ಕಟ್ಟಬೇಕಾದೀತು, ಕಟ್ಟಿ.

ನಮ್ಮ ಬಚ್ಚಲು, ಅಡುಗೆಮನೆ ಈಗ ಬೇರೆ ಮೇಸ್ತ್ರಿಯ ಕೈಯಲ್ಲಿ ಮುಗಿದಿವೆ. ಮೇಲಿನ ರೂಮಿನ ಕಡತ ಪಾಲಿಕೆಯಲ್ಲಿದೆ. ಮಂಜೂರಾತಿ ಬರುವವರೆಗೆ ಮನೆ ನೋಡಲು ಬಂದವರಿಗೆಲ್ಲ, ಆ ರೂಮಿಗೆ ಸಾಲ ಸಿಗೋದಿಲ್ಲ ಅಂತ ಮೊದಲೇ ಹೇಳುತ್ತಿದ್ದೇವೆ.