ಇಂಗ್ಲೆಂಡಿನ ಹಳೆಯ ಬೀದಿ ಹುಡುಕಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವ ಮುಂಚೆ ಇದನ್ನು ಓದಿ

ಪೂರ್ವಿಕರು ಇಂಗ್ಲೆಂಡಿನ ಯಾವ ಬೀದಿಯಲ್ಲಿದ್ದರು, ಯಾವ ಪ್ಯಾರಿಷ್‌ಗೆ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶಕ್ಕೆ) ಸೇರಿದ್ದರು, ಮನೆ ಯಾವುದು ಎಂದು ಹುಡುಕಿಕೊಟ್ಟು ಹಣ ಪಡೆಯುವವರು ಆನ್‌ಲೈನಿನಲ್ಲಿ ಇದ್ದಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ನನ್ನ ಗೆಳತಿಯ ಮನೆಯವರಿಗೆ ಸಿಕ್ಕವರು ಅಂಥವರಲ್ಲ. ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಕುಟುಂಬದವರು, ಕೆಜಿಎಫ್‌ನವರು ದಯವಿಟ್ಟು ಪೂರ್ತಿ ಓದಿ.

ಗೆಳತಿಯ ಮುತ್ತಜ್ಜನ ಅಪ್ಪ ಬ್ರಿಟಿಷ್ ಸೈನಿಕರಾಗಿ ಬಂದು ಬೆಂಗಳೂರಿನಲ್ಲೇ ಉಳಿದವರು. ಮನೆಯಲ್ಲಿ ಇದ್ದದ್ದು ಎರಡೇ ಸುಳಿವು. ಒಂದು, ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಿಂದ ತರಿಸಿದ ಡಿಸ್ಚಾರ್ಜ್ (ಸೇನೆಯಿಂದ ಬಿಡುಗಡೆ) ಕಾಗದದ ಪ್ರತಿ. ಸೈನಿಕ ಹುಟ್ಟಿದ ಪ್ಯಾರಿಷ್ ಮತ್ತು ಕೌಂಟಿಯನ್ನು (ಜಿಲ್ಲೆಯಂಥ ವಿಭಾಗ) ಆ ಕಾಗದಗಳಲ್ಲಿ ಬರೆಯುತ್ತಿದ್ದರು. ಇವರದ್ದು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಪ್ಯಾರಿಷ್, ಮಿಡಲ್‌ಸೆಕ್ಸ್ ಕೌಂಟಿ. ಇನ್ನೊಂದು, ಹಳೆಯ ಪ್ರಾರ್ಥನೆ ಪುಸ್ತಕದ ಒಳಪುಟದಲ್ಲಿ ಕೈಬರಹದಲ್ಲಿದ್ದ 'ಗ್ರೀನ್ ಸ್ಟ್ರೀಟ್'. ಆ ಸೈನಿಕರ ಅಪ್ಪ ರೇಷ್ಮೆ ನೇಕಾರ ಎಂಬುದು ಬಾಯಿಂದ ಬಾಯಿಗೆ ಬಂದ ಮಾತು. ಬೆತ್ನಲ್ ಗ್ರೀನ್ ನೇಕಾರರ ಊರೇ ಆಗಿತ್ತು, ಹಾಗಾಗಿ ಅದು ಹೊಂದುತ್ತದೆ.

ಎರಡು ಸುಳಿವನ್ನೂ ಆ ಹುಡುಕಿಕೊಡುವವರಿಗೆ ಕೊಟ್ಟರು, ಹಣವನ್ನು ಮುಂಗಡವಾಗಿಯೇ ಕಟ್ಟಿದರು. ಚೆಂದದ ಹಾಳೆಯಲ್ಲಿ ಮುದ್ರಿಸಿದ ವರದಿ ಬಂತು. ವಂಶವೃಕ್ಷ, ಮನೆಯ ಫೋಟೋ, 1831ರಲ್ಲಿ ಆ ಸೈನಿಕರ ದೀಕ್ಷಾಸ್ನಾನ ಆಯಿತು ಎಂದ ಚರ್ಚಿನ ಫೋಟೋ, ಎಲ್ಲವೂ ಇತ್ತು. ಗೆಳತಿಯ ಅತ್ತೆ, ವಯಸ್ಸಾದವರು, ಕಾಲುನೋವು ಇಟ್ಟುಕೊಂಡೇ ಲಂಡನ್ನಿಗೆ ಹೋಗಿ ಆ ಬಾಗಿಲ ಮುಂದೆ ನಿಂತು ಬಂದರು.

ಆ ಮನೆ ಅವರದ್ದಲ್ಲ. ಆ ಬೀದಿಯೂ ಅಲ್ಲ.

ವರದಿಯಲ್ಲಿದ್ದದ್ದು ಅಪ್ಟನ್ ಪಾರ್ಕಿನ ಗ್ರೀನ್ ಸ್ಟ್ರೀಟ್. ಪೂರ್ವ ಲಂಡನ್ ನೋಡಿದವರಿಗೆಲ್ಲ ಗೊತ್ತು, ಸೀರೆ, ಒಡವೆ ಅಂಗಡಿಗಳಿರುವ ಬೀದಿ ಅದು. ಈಗ ಅದು ಲಂಡನ್, ಸರಿ. ಆದರೆ 1965ರವರೆಗೆ ಅದು ಎಸೆಕ್ಸ್ ಕೌಂಟಿಯಲ್ಲಿತ್ತು. ವೆಸ್ಟ್ ಹ್ಯಾಮ್, ಈಸ್ಟ್ ಹ್ಯಾಮ್ ಪ್ಯಾರಿಷ್‌ಗಳ ಗಡಿಯೇ ಆ ಬೀದಿ. ಮಿಡಲ್‌ಸೆಕ್ಸ್ ಲೀ ನದಿಯ ಪಶ್ಚಿಮಕ್ಕೇ ಮುಗಿಯುತ್ತಿತ್ತು, ಅಪ್ಟನ್ ಪಾರ್ಕ್ ಇರುವುದು ಪೂರ್ವಕ್ಕೆ. ಡಿಸ್ಚಾರ್ಜ್ ಕಾಗದದ ಒಂದು ಸಾಲನ್ನು ಓದಿದ್ದರೂ ಸಾಕಿತ್ತು, ಅಲ್ವಾ? ಅಪ್ಟನ್ ಪಾರ್ಕ್ ರೈಲು ನಿಲ್ದಾಣ ಆದದ್ದೇ 1877ರಲ್ಲಿ. ಫೋಟೋದಲ್ಲಿದ್ದ ಮನೆಗಳ ಸಾಲು ಆ ಕಾಲದ ಕಟ್ಟಡ. 1831ರಲ್ಲಿ ಅಲ್ಲಿ ನೇಕಾರರ ಕೇರಿ ಎಲ್ಲಿಂದ ಬರಬೇಕು?

ಬೆತ್ನಲ್ ಗ್ರೀನಿನ ಗ್ರೀನ್ ಸ್ಟ್ರೀಟ್ ಇಂದಿನ ಭೂಪಟದಲ್ಲಿ ಆ ಹೆಸರಿನಲ್ಲಿ ಸಿಗುವುದಿಲ್ಲ. ಅದು ಈಗ ರೋಮನ್ ರೋಡಿನ ಪಶ್ಚಿಮದ ಭಾಗ. ಲಂಡನ್ನಿನಲ್ಲಿ ಒಂದೇ ಹೆಸರಿನ ಬೀದಿಗಳು ಎಷ್ಟೋ ಇದ್ದವು. ಚರ್ಚ್ ಸ್ಟ್ರೀಟ್, ಕಿಂಗ್ ಸ್ಟ್ರೀಟ್, ಜಾನ್ ಸ್ಟ್ರೀಟ್ ಎಲ್ಲೆಲ್ಲೂ ಇದ್ದವು. 1855ರಲ್ಲಿ ಹುಟ್ಟಿದ ನಗರಾಡಳಿತ ಮಂಡಳಿ ಮೆಟ್ರೋಪಾಲಿಟನ್ ಬೋರ್ಡ್ ಆಫ್ ವರ್ಕ್ಸ್, 1889ರಿಂದ ಅದರ ಜಾಗಕ್ಕೆ ಬಂದ ಲಂಡನ್ ಕೌಂಟಿ ಕೌನ್ಸಿಲ್, ಇವನ್ನು ಬದಲಾಯಿಸುತ್ತಾ ಬಂದವು. ಗ್ರಬ್ ಸ್ಟ್ರೀಟ್ ಅದಕ್ಕೂ ಮೊದಲೇ, 1830ರಲ್ಲಿ, ಮಿಲ್ಟನ್ ಸ್ಟ್ರೀಟ್ ಆಗಿತ್ತು. ನ್ಯೂ ರೋಡ್ 1857ರಲ್ಲಿ ಮರಿಲ್‌ಬೋನ್, ಯೂಸ್ಟನ್, ಪೆಂಟನ್‌ವಿಲ್ ಎಂದು ಮೂರು ರಸ್ತೆಗಳಾಯಿತು. ಹೆಸರಿನ ಜೊತೆ ಮನೆ ನಂಬರೂ ಬದಲಾಗುತ್ತಿತ್ತು. ಹಾಗಾಗಿ ಹಳೆಯ ನಂಬರು ಹಿಡಿದು ಇಂದಿನ ಬಾಗಿಲಿನ ಫೋಟೋ ಕಳಿಸುವವರನ್ನು ಸುಮ್ನೆ ನಂಬಬೇಡಿ. ಹಳೆ ಹೆಸರು, ಹೊಸ ಹೆಸರು ಎರಡನ್ನೂ ಕೊಡುವ ಪಟ್ಟಿಯನ್ನು ಕೌಂಟಿ ಕೌನ್ಸಿಲ್ ಪುಸ್ತಕವಾಗಿಯೇ ಅಚ್ಚು ಹಾಕಿತ್ತು. ಆ ಪುಸ್ತಕ ತೆರೆಯದವರು ಈ ಕೆಲಸಕ್ಕೆ ಹಣ ಕೇಳಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಚರ್ಚಿನ ವಿಷಯ ಇನ್ನೂ ಕೆಟ್ಟದ್ದು. ವರದಿಯಲ್ಲಿದ್ದದ್ದು ಬೆತ್ನಲ್ ಗ್ರೀನಿನ ಸೇಂಟ್ ಜೇಮ್ಸ್ ದಿ ಲೆಸ್. 1831ರಲ್ಲಿ ಆ ಚರ್ಚ್ ಇರಲೇ ಇಲ್ಲ! ಬೆತ್ನಲ್ ಗ್ರೀನ್ 1743ರವರೆಗೆ ಸ್ಟೆಪ್ನಿ ಪ್ಯಾರಿಷ್‌ನ ಭಾಗ. ಆಮೇಲೆ ಬೇರೆ ಪ್ಯಾರಿಷ್ ಆಯಿತು, ಅದರ ಚರ್ಚ್ ಸೇಂಟ್ ಮ್ಯಾಥ್ಯೂ. 1828ರಲ್ಲಿ ಸೇಂಟ್ ಜಾನ್ ಬಂತು. ಬಿಷಪ್ ಬ್ಲೂಮ್‌ಫೀಲ್ಡ್ ಮುಂದೆ ನಿಂತು ಅಲ್ಲಿ 10 ಹೊಸ ಚರ್ಚ್ ಕಟ್ಟಿಸಿದ್ದು 1840ರ ದಶಕದಲ್ಲಿ. ಅವುಗಳಲ್ಲಿ ಸೇಂಟ್ ಜೇಮ್ಸ್ ದಿ ಲೆಸ್ ಒಂದು, ಸೇಂಟ್ ಜೇಮ್ಸ್ ದಿ ಗ್ರೇಟ್ ಇನ್ನೊಂದು. ಯಾವುದೋ ಸೂಚಿಯಲ್ಲಿ (ಇಂಡೆಕ್ಸ್) 'ಸೇಂಟ್ ಜೇಮ್ಸ್' ಎಂದು ಕಂಡಿರಬೇಕು, ಹತ್ತಿರದ ಕಟ್ಟಡದ ಫೋಟೋ ಅಂಟಿಸಿದ್ದಾರೆ. ಕ್ಲರ್ಕನ್‌ವೆಲ್‌ನಲ್ಲೂ ಸೇಂಟ್ ಜೇಮ್ಸ್ ಇದೆ, ಪಿಕಡಿಲಿಯಲ್ಲೂ ಇದೆ.

ವಿವರಣೆ ಕೇಳಿದಾಗ 'ದಾಖಲೆಯಲ್ಲಿ ಇದ್ದದ್ದನ್ನೇ ಕೊಟ್ಟಿದ್ದೇವೆ' ಎಂಬ ಉತ್ತರ ಬಂತು. ಯಾವ ದಾಖಲೆ, ಯಾವ ಪುಟ ಎಂದು ಕೇಳಿದ ಮೇಲೆ ಉತ್ತರವೇ ಇಲ್ಲ. ಹಣವೂ ವಾಪಸ್ ಬರಲಿಲ್ಲ.

ಯಾರಿಗೇ ಆಗಲಿ ಹಣ ಕೊಡುವ ಮುಂಚೆ ಇದನ್ನು ಬರವಣಿಗೆಯಲ್ಲಿ ಪಡೆಯಿರಿ: ಪ್ರತಿ ಹೆಸರಿಗೂ ರಿಜಿಸ್ಟರ್ ಪುಟದ ಚಿತ್ರ, ಪ್ರತಿ ಬೀದಿಗೂ ಆ ಕಾಲದ ಭೂಪಟ. 1813ರಿಂದ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಅಪ್ಪನ ಕಸುಬು, ವಾಸದ ಜಾಗ ಬರೆಯಲು ಅಚ್ಚು ಹಾಕಿದ ಅಂಕಣ ಇತ್ತು. ಅದನ್ನು ನೋಡದೆ ಸೂಚಿಯ ಹೆಸರು ಮಾತ್ರ ಕೊಟ್ಟರೆ ಒಪ್ಪಬೇಡಿ. 1837ರ ಜುಲೈ 1ಕ್ಕೆ ಮುಂಚೆ ಸರ್ಕಾರಿ ಜನನ ನೋಂದಣಿ ಇರಲಿಲ್ಲ. 1831ರ 'ಜನನ ಪ್ರಮಾಣಪತ್ರ' ಕೊಡುತ್ತೇವೆ ಎಂದರೆ ಅಲ್ಲೇ ನಿಲ್ಲಿಸಿ. 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ 5ರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ಅದರಿಂದ ಹುಟ್ಟಿದ ವರ್ಷವನ್ನು ಗಟ್ಟಿಯಾಗಿ ಹೇಳುವವರನ್ನೂ ಪ್ರಶ್ನಿಸಿ.

ಎಷ್ಟೋ ಕೆಲಸ ಮನೆಯಲ್ಲೇ ಕೂತು ಆಗುತ್ತದೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಭೂಪಟ ಇಲಾಖೆ) ಭೂಪಟಗಳನ್ನು ಪುಕ್ಕಟೆಯಾಗಿ ತೋರಿಸುತ್ತದೆ, ಇಂದಿನ ಭೂಪಟದ ಪಕ್ಕದಲ್ಲೇ ಇಟ್ಟು ನೋಡಬಹುದು. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ 1851ರ ಪ್ಯಾರಿಷ್ ಗಡಿಗಳ ಭೂಪಟ ಇದೆ. ಬೆಂಗಳೂರು ದಂಡಿನ ಚರ್ಚುಗಳ ಮದುವೆ, ದೀಕ್ಷಾಸ್ನಾನದ ಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಸಂಪುಟಗಳಲ್ಲಿವೆ. ಮೈಸೂರು ಅಂತ ಹುಡುಕಿ ಸಿಗಲಿಲ್ಲ ಎಂದು ಕೈಬಿಡಬೇಡಿ.

ಇನ್ನೊಂದು ವಿಷಯ. ಆ ತಪ್ಪು ವಂಶವೃಕ್ಷವನ್ನು ಅವರು ಆನ್‌ಲೈನಿನಲ್ಲೂ ಹಾಕಿದ್ದಾರೆ. ಗೊತ್ತಿಲ್ಲದ ದೂರದ ನೆಂಟರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದಾರೆ. ಬೆತ್ನಲ್ ಗ್ರೀನಿನ ನೇಕಾರನ ಮಗನನ್ನು ಅಪ್ಟನ್ ಪಾರ್ಕಿನಲ್ಲಿ ಹುಟ್ಟಿಸಿದ ಮರ ನಿಮಗೆ ಕಂಡರೆ ದಯವಿಟ್ಟು ಅದನ್ನು ನಿಮ್ಮ ಮರಕ್ಕೆ ಸೇರಿಸಿಕೊಳ್ಳಬೇಡಿ.